ಲಾಲಮ್ಮನ ಬಾಕಿ

ನೌಬಾದಿನ ಸುರಂಗಬಾವಿ ಬಾಯಿ ತೆರೆದಲ್ಲಿ
ಕೆಂಪು ಜಂಬಿಟ್ಟಿಗೆ ಕಲ್ಲು ಬೆವರುತ್ತದೆ.
ಆ ಬೆವರಿಗೇ ಹಬ್ಬಿದ್ದು ಒಂದೆಲಗ:
ಕಡ್ಡಿಗೊಂದೇ ಎಲೆ, ಎಲೆಗೊಂದು ಸೀಳು,
ಮಾಸ್ತರರು ಹಿಂಡಿ ಬಿಟ್ಟ ಕಿವಿಯ ಹಾಗೆ.

ಬಿಸಿಲೇರುವ ಮೊದಲೇ ಲಾಲಮ್ಮ ಚಿವುಟಿ
ಒದ್ದೆ ಅರಿವೆಯಲ್ಲಿ ಸುತ್ತಿ ತರುತ್ತಿದ್ದಳು.
ಅರ್ಧ, ಹಕೀಮರ ಅಂಗಡಿಗೆ.
ಅಲ್ಲಿ ಅದರ ಹೆಸರು ಬ್ರಾಹ್ಮಿ ಬೂಟಿ;
ನೆರಳಲ್ಲಿ ಒಣಗಿ, ಬಾದಾಮಿ ಜೊತೆ ಕುಟ್ಟಿಸಿಕೊಂಡು
ಉರ್ದು ಚೀಟಿ ಹಚ್ಚಿದ ಶೀಸೆಯೊಳಗೆ ಕೂರುವುದು.
ಉಳಿದದ್ದು ನಮ್ಮ ಓಣಿಗೆ:
ತೊದಲುವ ಹುಡುಗನಿಗೆ ಜೇನಿನಲ್ಲಿ,
ಬಾಯಿಹುಣ್ಣಿಗೆ ಹಸಿ ಎಲೆ ಹಾಗೇ ಜಗಿದು,
ನಿದ್ದೆ ಬಾರದ ಗೌರಾಬಾಯಿಯ ನೆತ್ತಿಗೆ
ಎಳ್ಳೆಣ್ಣೆಯಲ್ಲಿ ಕಾಸಿ.

ನನಗೆ, ಏಳನೇ ಇಯತ್ತೆಯ ಪರೀಕ್ಷೆಗೆ.
ಹದಿನೇಳರ ಮಗ್ಗಿ ಎಂಟಕ್ಕೆ ಬಂದು ನಿಲ್ಲುತ್ತಿತ್ತು,
ಹಳ್ಳ ಕಂಡ ಎತ್ತಿನ ಹಾಗೆ.
ಅವ್ವ ಹುಣಸೆ, ಬೆಲ್ಲ ಹಾಕಿ ಅರೆದಳು.
ನಲವತ್ತು ದಿನ, ಬರೀ ಹೊಟ್ಟೆಗೆ, ಮೂಗು ಹಿಡಿದು.
ಕಹಿ ಅನ್ನುವ ಹಾಗಿಲ್ಲ, ಒಗರೂ ಅಲ್ಲ,
ಕೆಸರು ನೆಕ್ಕಿದ ಹಸಿರು.
ಪಾಸಾದೆ.
ಹದಿನೇಳೆಂಟ್ಲೆ ಎಷ್ಟು ಅಂದರೆ
ಇವತ್ತಿಗೂ ಬೆರಳು ಮಡಚುತ್ತೇನೆ.

ಮೊನ್ನೆ ಉಸ್ಮಾನ್‌ಗಂಜ್ ತಿರುವಿನಲ್ಲಿ
ಪ್ಲಾಸ್ಟಿಕ್ ಬುಟ್ಟಿ, ಅದೇ ಒದ್ದೆ ಅರಿವೆ.
ನನಗೆ ಗುರುತು ಹತ್ತಲಿಲ್ಲ. ಅವಳೇ ಕರೆದಳು:
“ಸುಗಲಾಬಾಯಿ ಮಗ ಅಲ್ಲೇನು ನೀ?
ನಿಮ್ಮವ್ವಂದು ಮೂರ್ ರೂಪಾಯಿ ಬಾಕಿ ಅದ.
ಕಡೀ ಆರು ಸೂಡು. ಹೋಳಿ ಮುಂದಿನ ಸ್ವಾಮಾರ.”

ಎಷ್ಟು ಎಲೆ ತಿಂದಿ ಲಾಲಮ್ಮ, ಇಷ್ಟು ನೆನಪಿಗೆ?
“ನಾ ಯಾಕ್ ತಿನ್ಲಿ? ತಿಂದ್ರ ಮಾರೋದೇನು?
ಬರೀಲಾಕ ಬರಾಂಗಿಲ್ಲ ನನಗ,
ಅದಕ್ಕೇ ಮರೀಲಾಕೂ ಬರಾಂಗಿಲ್ಲ.”

ಅವ್ವ ಹೋಗಿ ಹನ್ನೊಂದು ವರ್ಷ, ಅಂದೆ.
“ಗೊತ್ತದ.”
ನೂರರ ನೋಟು ಚಾಚಿದೆ, ಅದರ ಕಡೆ ನೋಡಲಿಲ್ಲ.
ಕಿಸೆ ತಡಕಿ ಮೂರು ನಾಣ್ಯ ಇಟ್ಟೆ.
ಎರಡು ಸೊಂಟದ ಚೀಲಕ್ಕೆ ಇಳಿದವು.
ಮೂರನೆಯದನ್ನು ನನ್ನ ಅಂಗೈಗೇ ತಿರುಗಿ ಒತ್ತಿದಳು.
“ಇದು ಇರ್ಲಿ. ಎಲ್ಲಾ ತೀರಿತಂದ್ರ
ಆಕೀಗಿ ನಾ ಯಾಕ ನೆನಸ್ಲಿ?”

ಬರುವಾಗ ಒಂದು ಸೂಡು ತಂದೆ.
ಅಡುಗೆಮನೆಯ ಕಟ್ಟೆಯ ಮೇಲೆ ನೀರು ಬಿಡುತ್ತಿದೆ.
ಅದಕ್ಕೆ ದುಡ್ಡು ಕೊಟ್ಟೆನೋ, ಇಲ್ಲವೋ.