ಸುಂಕಮ್ಮನ ಸೂಜಿ

ಹದಿನೆಂಟನೇ ನಂಬರು ತಗೊಳ್ಳಿ, ಹದಿನಾರು ಬೇಡ,
ಆರು ಪದರ ಬಂದ ಕಡೆ ಮುರೀತದೆ
ಎಂದು ಬರೆದವಳು ಸುಂಕಮ್ಮ.
ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಮೂರನೇ ಮೆಶಿನ್ನು ಅವಳದು, ನಾಲ್ಕನೆಯದು ನನ್ನದು.
ಹಗಲೆಲ್ಲ ಪ್ಯಾಂಟಿಗೆ ಬೆಲ್ಟು ಕೂಡಿಸುತ್ತಾಳೆ, ರಾತ್ರಿ
ನೀಲಿ ಇಳಿಯದ ಬೆರಳಲ್ಲಿ ಫೋನು ಹಿಡಿದು
ಯಾವ ದಾರ ಜೂಲು ಬಿಡ್ತದೆ, ಯಾವ ಕತ್ತರಿ
ತಿಂಗಳಿಗೇ ಮೊಂಡು, ಎಲ್ಲ ಬರೆಯುತ್ತಾಳೆ.
ಇಲ್ಲಿಂದ ರಾಣೆಬೆನ್ನೂರಿನವರೆಗೂ ಓದುವವರಿದ್ದಾರೆ.
ಕೆಳಗೊಂದು ನೀಲಿ ಗೆರೆ. ಒತ್ತಿದರೆ ಅಂಗಡಿ.
ಒತ್ತಿದೆವು. ಮೂರು ದಿನಕ್ಕೆ ಸೂಜಿ ಬಾಗಿಲಿಗೆ ಬಂತು.
ಮುರಿಯಲಿಲ್ಲ. ಅದು ಈಗಲೂ ಒಪ್ಪುವ ಮಾತು.

ದಾರದಂಗಡಿ ಗಾದಿಲಿಂಗಪ್ಪ
ವಗ್ಗಾಣಿ ತಿನ್ನುತ್ತಾ, ಮಿರ್ಚಿಯ ತೊಟ್ಟು ಎಸೆಯುತ್ತಾ ಅಂದ:
"ಬಾಕ್ಸಿಗೆ ನಾಲ್ಕು ರೂಪಾಯಿ ಅಕಿಗೆ.
ಸುಮ್ನೆ ಹೇಳ್ತಾಳಂತ ತಿಳಕಂಡೀರೇನು?"

ಆಗ ಕರೆಂಟು ಹೋಗಿತ್ತು.
ಹನ್ನೊಂದು ಮೆಶಿನ್ನೂ ನಿಂತಿದ್ದವು.
ನಾಲ್ಕು ರೂಪಾಯಿ ಎಲ್ಲರ ಕಿವಿಗೂ ಕೇಳಿತು.

ಆಮೇಲೆ ಅವಳು ನೀರು ಕೊಟ್ಟರೂ
ಲೋಟ ಯಾವ ಕಂಪನಿದು ಎಂದು ನಕ್ಕ ಖಾಜಾಸಾಬ್.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂಗಾತು,
ಹೆಸರಿಟ್ಟವರಿಗೆ ಮೊದಲೇ ಗೊತ್ತಿತ್ತು ಬಿಡು,
ಅಂದಳು ಗುಂಡಿ ಹಚ್ಚುವ ಹಂಪಮ್ಮ.
ನಾನೂ ನಕ್ಕೆ. ಮನೆಗೆ ಹೋಗಿ
ಅವಳು ಹಿಂದೆ ಬರೆದದ್ದನ್ನೆಲ್ಲ ಮತ್ತೆ ಓದಿದೆ,
ಖೋಟಾ ನೋಟನ್ನು ಬೆಳಕಿಗೆ ಹಿಡಿದ ಹಾಗೆ.
'ನನ್ನ ಉಗುರೊಳಗೆ ಸೂಜಿ ಮುರಿದ ದಿನ'
ಎಂದಿದ್ದಳು ಒಂದು ಕಡೆ. ಆ ದಿನ
ಪಕ್ಕಡ್ ತಂದು ತುಂಡು ಕಿತ್ತವನು ನಾನೇ. ರಕ್ತ
ನೀಲಿ ಬಟ್ಟೆಯ ಮೇಲೆ ಕಪ್ಪಗೆ ಕಂಡಿತ್ತು.
ಅದನ್ನೂ ಅನುಮಾನದಿಂದಲೇ ಓದಿದೆ.

ಬಸ್ ಸ್ಟ್ಯಾಂಡಿನ ಆಟೋದವನು ತೋರಿಸಿದ ಲಾಡ್ಜಿನಲ್ಲಿ
ನಮ್ಮ ಮಾವ ಮಲಗಿ ಎದ್ದು ಹೋದ, ಏನೂ ಕೇಳಲಿಲ್ಲ.
ಇದೇ ಲ್ಯಾಬಿಗೆ ಹೋಗು ಅಂದ ಡಾಕ್ಟರಿಗೆ ಕೈ ಮುಗಿದೆ.
ನನ್ನ ಮದುವೆ ಕುದುರಿಸಿದ ಸೋದರತ್ತೆ
ಎರಡೂ ಮನೆಯ ಸೀರೆ ಉಟ್ಟಳು;
ಹುಡುಗಿಗೆ ಸಿಟ್ಟು ಜಾಸ್ತಿ ಅನ್ನೋದನ್ನ
ಯಾವ ಸೆರಗಿನಲ್ಲಿ ಗಂಟು ಹಾಕಿಟ್ಟಿದ್ದಳೋ.
ಮೇಸ್ತ್ರಿಗೆ ನಮ್ಮ ತಲೆಗಿಷ್ಟು ಅಂತ ಬರ್ತದೆ,
ಶನಿವಾರ ನಮ್ಮೆದುರೇ ಎಂಜಲು ಹಚ್ಚಿ ಎಣಿಸುತ್ತಾನೆ.
ಗಾದಿಲಿಂಗಪ್ಪ ದಾರದ ಕಂಪನಿಯ ಖರ್ಚಲ್ಲಿ ಗೋವಾ ನೋಡಿಬಂದ,
ಸಮುದ್ರದಲ್ಲಿ ನಿಂತ ಫೋಟೋ ಗಲ್ಲೆಯ ಮೇಲೇ ತೂಗುಬಿಟ್ಟಿದ್ದಾನೆ.

ಅವರ್ಯಾರೂ ಪಕ್ಕದ ಮೆಶಿನ್ನಿನವರಲ್ಲ, ಅದಕ್ಕೇ ಇರಬೇಕು.
ಸುಂಕಮ್ಮ ಪುಕ್ಕಟೆ ಹೇಳಬೇಕಾದವಳು.
ಅವಳ ಮಾತಿಗೆ ಬೆಲೆಯಿದೆ ಎನ್ನುತ್ತಿದ್ದೆವು,
ಎಷ್ಟು ಎಂದು ಗೊತ್ತಾಗುವವರೆಗೆ.

ಅವಳು ಜಗಳಕ್ಕೆ ಬರಲಿಲ್ಲ.
ಮುಂದಿನ ಸಲ ಬರೆದಾಗ ಎಲ್ಲಕ್ಕಿಂತ ಮೇಲೆ ಹಾಕಿದಳು:
"ನೀವು ಒತ್ತಿ ಕೊಂಡರೆ ನನಗೆ ದುಡ್ಡು ಬರ್ತದೆ.
ಮೂರು ತಿಂಗಳಿಗೆ ಬಂದದ್ದು ಆರುನೂರಾ ಹನ್ನೆರಡು.
ಕೆಟ್ಟ ಸೂಜಿಗೂ ಅಷ್ಟೇ ಕೊಡ್ತಾರೆ."

ಮೊನ್ನೆ ನನ್ನ ಸೂಜಿ ಮುಗಿದವು.
ಹೆಬ್ಬೆರಳು ನೀಲಿ ಗೆರೆಯ ಮೇಲೆ ಹೋಗಿ ನಿಂತಿತು.
ಸ್ವಲ್ಪ ಹೊತ್ತು ನಿಂತು,
ಹೆಸರು, ನಂಬರು ಮಾತ್ರ ಬಾಯಿಪಾಠ ಮಾಡಿಕೊಂಡು
ಗಾದಿಲಿಂಗಪ್ಪನ ಅಂಗಡಿ ಹತ್ತಿದೆ.
ಬಾಕ್ಸಿಗೆ ಒಂಬತ್ತು ರೂಪಾಯಿ ಜಾಸ್ತಿ.
ಅವಳ ನಾಲ್ಕು ತಪ್ಪಿಸಲು ನನ್ನ ಒಂಬತ್ತು.
ಮೇಲಿನ ರೂಪಾಯಿಗೆ ಚಿಲ್ಲರೆ ಇಲ್ಲವೆಂದು
ಒಂದು ಹಿತ್ತಾಳೆ ಗುಂಡಿ ಕೊಟ್ಟ.

ಮಧ್ಯಾಹ್ನ, ಕಾಲಿನ ಒಳಹೊಲಿಗೆ ಕೂಡುವಲ್ಲಿ,
ಆರು ಪದರದ ಮೇಲೆ ಸೂಜಿ ಹಾಯಿತು, ಎಲ್ಲೂ ತಡವರಿಸದೆ.
ಅವಳು ಸದ್ದಿನಲ್ಲೇ ಗುರುತು ಹಿಡಿದಳು.
ತಲೆ ಎತ್ತಲಿಲ್ಲ.
"ಹದಿನೆಂಟೇನು?"
"ಹ್ಞೂಂ."
"ಛಲೋ ಆತು" ಅಂದಳು.