ಐಸು ಹಾಸುವವಳು

ಮೂವತ್ತೊಂದು ಚಳಿಗಾಲ ಈ ರಿಂಕಿನ ನೆಲ ಕಟ್ಟಿದವಳು ನಾನು.
ತಣ್ಣೀರಲ್ಲ, ಬಿಸಿನೀರು ಬೇಕು ಇದಕ್ಕೆ;
ಹೊಸಬರು ನಂಬುವುದಿಲ್ಲ.
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸುರಿದು, ಕಾದು,
ಮತ್ತೆ ಸುರಿದು, ಮತ್ತೆ ಕಾದು,
ಬಿಳಿ ಬಳಿದು, ಕೆಂಪು ಗೆರೆ ನೀಲಿ ಗೆರೆ ಎಳೆದು
ಅದರ ಮೇಲೆ ಇನ್ನಷ್ಟು ನೀರು.
ಆಟದ ಕಾನೂನೆಲ್ಲ ಹೀಗೆ ಐಸಿನಡಿ ಮಲಗಿರುತ್ತದೆ:
ಎಲ್ಲರ ಕಣ್ಣಿಗೂ ಕಾಣುತ್ತದೆ,
ಯಾರ ಕಾಲಿಗೂ ತಾಕುವುದಿಲ್ಲ.

ಸಸ್ಕ್ಯಾಚೆವಾನಿನ ಬಯಲಲ್ಲಿ ಊರೆಂದರೆ ಇಷ್ಟೇ.
ರೈಲು ನಿಂತಿತು. ಗೋಧಿಯ ಎತ್ತರದ ಕಣಜ ಕೆಡವಿದರು.
ಶಾಲೆಗೆ ಬೀಗ.
ಉಳಿದದ್ದು ಈ ತಗಡಿನ ಛಾವಣಿ,
ಶನಿವಾರ ರಾತ್ರಿಯ ಜಗಳ.

ಜಗಳ ಎರಡು ಬಗೆ.
ಒಂದು ಕೆಳಗೆ, ಕೈಗವಸು ಎಸೆದು.
ಇನ್ನೊಂದು ಮೇಲೆ, ಕ್ಯಾಂಟೀನಿನ ಎಣ್ಣೆ ಹೊಗೆಯಲ್ಲಿ:
“ಮೊದಲ ಆಟ ನೋವಾ ಸ್ಕೋಷಿಯಾದ ಕೊಳದ್ದು,” ಬೋಧನ್ ಮೇಜು ಗುದ್ದುತ್ತಾನೆ.
“ಮಾಂಟ್ರಿಯಲಿನದು! ಛಾವಣಿಯಡಿ ಲೆಕ್ಕವಿಟ್ಟು ಆಡಿದ್ದೇ ಆಟ,”
ಗೋಡೆನ್ ಮುದುಕನ ಎಂಜಲು ಹಾರುತ್ತದೆ.
ಮೂಲೆಯಿಂದ ಹಾರ್ವಿ ನೈಟ್‌ಟ್ರಾವೆಲರ್, ಕ್ರೀ ಜನದವನು,
ಕಾಫಿ ಕಲಕುತ್ತ ಮೆಲ್ಲಗೆ:
“ಮಿಕ್‌ಮಾಕರು ಕೆತ್ತಿ ಮಾರಿದ ಕೋಲಿತ್ತಲ್ಲ,
ಅದು ಯಾರ ಲೆಕ್ಕದಲ್ಲಿದೆ?”
ಸ್ವಲ್ಪ ಹೊತ್ತು ಚಮಚದ ಸದ್ದು ಮಾತ್ರ.
ಆಮೇಲೆ ಮತ್ತೆ ಶುರು.
ಕರಗಿದ ಐಸಿಗೆ ಜಾತಕ ಬರೆಯುವವರು ಇವರು.

ಕೊನೆಗೆ ಬಂದು ನಿಲ್ಲುವುದು ಮುಷ್ಟಿಗೇ.
ಮುಷ್ಟಿ ತೆಗೆದರೆ ಉಳಿಯುವುದು ಬರೀ ಕುಣಿತ, ಅನ್ನುತ್ತಾರೆ.
ಮುಷ್ಟಿ ಬಿಟ್ಟರೆ ಉಳಿಯುವುದು ಬರೀ ಆಸ್ಪತ್ರೆ, ಅನ್ನುತ್ತಾರೆ.
ನನ್ನನ್ನು ಯಾರೂ ಕೇಳುವುದಿಲ್ಲ. ನನಗೆ ಗೊತ್ತಿರುವುದು ಒಂದೇ:
ರಕ್ತ ಬಿಸಿ. ಬಿದ್ದಲ್ಲೇ ಪುಟ್ಟ ಗುಂಡಿ ತೋಡಿ ಕೂರುತ್ತದೆ.
ಮಂಡಿಯೂರಿ ಸಲಿಕೆಯಲ್ಲಿ ಕೆರೆಯಬೇಕು.
ಯಂತ್ರಕ್ಕೆ ಬಿಟ್ಟಿರೋ
ಊರಗಲ ಗುಲಾಬಿ ಬಳಿದುಬಿಡುತ್ತದೆ.

ನಮ್ಮಣ್ಣ ಓರೆಸ್ಟ್ ಹೊಡೆದ ಗೋಲು ಮೂರು,
ಹೊಡೆದಾಡಿದ್ದು ಇನ್ನೂರರ ಮೇಲೆ.
ಹತ್ತೊಂಬತ್ತು ಸಲ ಒಬ್ಬನ ಜೊತೆಯೇ,
ಪಕ್ಕದೂರಿನ ಲೈಲ್ ಕೆಸ್ಟರ್.
ಅದಕ್ಕೂ ಶಾಸ್ತ್ರವಿತ್ತು. ಅಣ್ಣನೇ ಕಲಿಸಿದ್ದ, ಅಡುಗೆಮನೆಯಲ್ಲಿ:
ಎಡಗೈಯಲ್ಲಿ ಎದೆಯ ಅಂಗಿ ಬಿಗಿಯಾಗಿ ಹಿಡಿ,
ಬಲಗೈ ಬಿಡು,
ಗದ್ದ ಒಳಗೆಳೆದುಕೋ,
ಬಿದ್ದವನನ್ನು ಮುಟ್ಟಬೇಡ.
ಅಮ್ಮ ರೇಡಿಯೋ ಆರಿಸುತ್ತಿದ್ದಳು,
ನಿಮಿಷ ಕಳೆದು ಮತ್ತೆ ಹಾಕುತ್ತಿದ್ದಳು.

ಅವರಿಬ್ಬರ ಕೊನೆಯ ವರ್ಷ, ಏಪ್ರಿಲಿನಲ್ಲಿ,
ಕಂಪ್ರೆಸರ್ ನಿಲ್ಲಿಸಿ ಐಸು ಒಡೆಯುವಾಗ
ಸಿಮೆಂಟಿನ ಮೇಲೆ ಒಂದು ಹಲ್ಲು ಸಿಕ್ಕಿತು.
ಇಬ್ಬರಿಗೂ ತೋರಿಸಿದೆ.
ಇಬ್ಬರೂ ತನ್ನದೇ ಎಂದರು.
ಇನ್ನೂ ಇದೆ ನನ್ನ ಬಳಿ, ಮೊಳೆಗಳ ಡಬ್ಬಿಯಲ್ಲಿ.

ಈಗ ಗುರುವಾರ ಸಂಜೆ ಹುಡುಗಿಯರ ಅಭ್ಯಾಸ.
ಲೈಲ್ ಅರವತ್ತು ಕಿಲೋಮೀಟರು ಕಾರೋಡಿಸಿಕೊಂಡು ಬಂದು
ಅಣ್ಣನನ್ನು ಕರೆತಂದು ಹಲಗೆಯ ಹಿಂದೆ ಕೂರಿಸುತ್ತಾನೆ.
ಅಣ್ಣನಿಗೆ ಕೆಲವು ವಾರ ಅವನ ಹೆಸರು ನೆನಪಿರುತ್ತದೆ.
ಹೋದ ಗುರುವಾರ ಗೋಲು ಕಾಯುವ ಟೀಗನ್,
ಹನ್ನೆರಡರ ಪೋರಿ, ನೀರು ಕುಡಿಯುತ್ತ ಕೇಳಿದಳು:
“ನೀವಿಬ್ರೂ ಯಾಕೆ ಹೊಡೆದಾಡ್ತಿದ್ರಿ?”
ಲೈಲ್ ಛಾವಣಿ ನೋಡಿದ.
ಅಣ್ಣ ತುಂಬ ಹೊತ್ತು ಯೋಚಿಸಿ,
“ಟಿಕೆಟ್ಟು ನಾಲ್ಕು ಡಾಲರ್ ಇತ್ತು,” ಎಂದ.
ಅವಳು ಹೂಂಗುಟ್ಟಿ
ಮುಖವಾಡ ಎಳೆದುಕೊಂಡು ಜಾರಿಹೋದಳು.

ಹೊರಗೆ ಮೈನಸ್ ಮೂವತ್ತು. ಹೊರಡುವ ಹೊತ್ತು.
ಅಣ್ಣನ ಬೆರಳಿಗೆ ಕೋಟಿನ ಗುಂಡಿ ಸಿಗುವುದಿಲ್ಲ ಈಗ.
ಲೈಲ್ ಎದುರು ನಿಲ್ಲುತ್ತಾನೆ,
ಎಡಗೈಯಲ್ಲಿ ಎದೆಯ ಕೋಟು ಬಿಗಿಯಾಗಿ ಹಿಡಿದು
ಬಲಗೈಯಲ್ಲಿ ಒಂದೊಂದೇ ಗುಂಡಿ ಹಾಕುತ್ತಾನೆ.
ಪ್ರತಿ ಸಲವೂ
ಅಣ್ಣ ಗದ್ದ ಒಳಗೆಳೆದುಕೊಳ್ಳುತ್ತಾನೆ.