ಪ್ರಶ್ನೆ ಹನ್ನೊಂದು

ಹಿಂದಿನ ಮನೆ ಬಿಟ್ಟದ್ದೇಕೆ?
ಕೇಳುವುದಕ್ಕೆ ಮೂರೇ ಮಾತು.
ಉತ್ತರಕ್ಕೆ ಮೂವತ್ತೆಂಟು ಚೌಕ, ಆರು ಗುಂಪು:
ಕೆಲಸ, ಕುಟುಂಬ, ಬಾಡಿಗೆ, ಆರೋಗ್ಯ, ಅವಘಡ, ಕಟ್ಟಡ.
ವಾಲ್ಪರೈಸೋ ಬಂದರಿನ ಕ್ರೇನುಗಳತ್ತ ಬೆನ್ನು ಹಾಕಿ
ಎರಡು ತಿಂಗಳಿಂದ ಕೂತಿದ್ದೇನೆ,
ಬೇಳೆಯಲ್ಲಿ ಕಲ್ಲು ಆರಿಸುವವಳ ಹಾಗೆ.

ವಿಚ್ಛೇದನ, ಕುಟುಂಬದ ಕೆಳಗೆ. ಸರಿ.
ಬೆಂಕಿ, ಅವಘಡದ ಕೆಳಗೆ. ಅದೂ ಸರಿ.
ಬೆಂಕಿಯಿಟ್ಟವನು ಗಂಡನೇ ಆಗಿದ್ದರೆ?
ಎರ್ವಿನ್ ಕನ್ನಡಕ ಹಣೆಗೇರಿಸುತ್ತಾನೆ:
"ಒಂದು ಕೋಳಿ ಎರಡು ಬುಟ್ಟಿಯಲ್ಲಿ ಕೂರಬಾರದು, ಗ್ರಿಸೆಲ್ದಾ."

ಕಾರ್ಡು ಕೊಟ್ಟರೆ ಕಣ್ಣು ಮೇಲಿನ ಸಾಲಿಗೇ ಅಂಟುತ್ತದೆ,
ಓದಿ ಹೇಳಿದರೆ ಕಿವಿ ಕೊನೆಯದನ್ನು ಹಿಡಿಯುತ್ತದೆ.
ನಡುವಿನವು ನಡುಮಕ್ಕಳು, ಯಾರೂ ಕರೆಯುವುದಿಲ್ಲ.

ಪರೀಕ್ಷೆಗೆಂದು ಯಾಸ್ನಾ
ಮರಿಪೋಸಾಸ್ ಗುಡ್ಡದ ಮೆಟ್ಟಿಲು ಹತ್ತಿ ಹೋದಳು,
ಹಿಂದೆ ಮೂರು ಬೀದಿನಾಯಿ.
ದೋನ್ ಅಬೆಲಾರ್ದೊ, ಎಳೆದೋಣಿಯಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದವನು,
ಕಾರ್ಡನ್ನು ತೋಳುದ್ದ ದೂರ ಹಿಡಿದು
ಮೂವತ್ತೆಂಟನ್ನೂ ಗಟ್ಟಿಯಾಗಿ ಓದಿದ. ಹನ್ನೊಂದು ನಿಮಿಷ.
ಆಮೇಲೆ ಅಂದ: "ಬಾಗಿಲು ಮುಚ್ಚುತ್ತಿರಲಿಲ್ಲ."

ಮೂವತ್ತನಾಲ್ಕು, ಕಟ್ಟಡ, ದುರಸ್ತಿ. ಯಾಸ್ನಾ ಗುರುತು ಹಾಕಿದಳು.
ಎದ್ದು ಚಪ್ಪಲಿ ಮೆಟ್ಟುವಾಗ ಮುದುಕ ಸೇರಿಸಿದ:
"ತಮ್ಮ ಕಡಲಿಂದ ಬರೋ ತನಕ ಮುಚ್ಚಬೇಡ ಅಂದಿದ್ದಳು ಅಮ್ಮ.
ಹದಿನೆಂಟು ವರ್ಷ ಉಪ್ಪುಗಾಳಿ ಕುಡಿದು ಉಬ್ಬಿದ ಬಾಗಿಲು
ಚೌಕಟ್ಟನ್ನೇ ಮರೆತಿತ್ತು."

ಮೂವತ್ತನಾಲ್ಕು ಹಾಗೇ ಉಳಿಯಿತು. ತಪ್ಪೇನಲ್ಲ,
ಬಾಗಿಲು ಕೆಟ್ಟದ್ದು ನಿಜ.
'ಇತರೆ'ಯ ಮುಂದಿನ ಗೆರೆ ಉದ್ದ ಮಾಡೋಣವೇ ಎಂದೆ.
"ಗೆರೆ ಉದ್ದವಾದರೆ ಇಡೀ ಊರು ಬಂದು ಕೂರುತ್ತದೆ," ಎಂದ ಎರ್ವಿನ್.
ಅವನದೂ ಸುಳ್ಳಲ್ಲ. ನಾಲ್ಕು ಸಾವಿರ ಮನೆ,
ಬೆರಳಚ್ಚಿಗೆ ಇಬ್ಬರು.

ಆಗಸ್ಟಿನ ಚಳಿಯಲ್ಲಿ ನಾನೂ ಮನೆ ಬದಲಿಸಿದೆ,
ಐದು ಪೆಟ್ಟಿಗೆ, ಒಂದು ಕೆಟಲು, ಜೋಡಿ ಒಡೆದ ಒಂಟಿ ಕುರ್ಚಿ.
ವಾರ ಕಳೆದು ಬಾಗಿಲು ತಟ್ಟಿತು.
ಹೊಸ ಹುಡುಗಿ, ನಾನು ಯಾರೆಂದು ಗೊತ್ತಿಲ್ಲ,
ಕೈಗಿತ್ತಳು ನನ್ನದೇ ಕಾರ್ಡು.

ಅಚ್ಚಿನ ತಪ್ಪು ಹುಡುಕುವವಳಂತೆ ನೋಡುತ್ತ ನಿಂತೆ.
ಹದಿಮೂರನೆಯದರ ಮಾತುಗಳನ್ನು
ನಾಲ್ಕು ಸಲ ತಿದ್ದಿದ್ದು ನಾನೇ.
ಬೆರಳು ಅಲ್ಲಿಯ ತನಕ ಇಳಿಯಲಿಲ್ಲ.
"ಮೊದಲನೆಯದು," ಎಂದೆ.
ಕೆಲಸ: ಕಚೇರಿಗೆ ಹತ್ತಿರ.

ಇಲ್ಲಿಂದ ಕಚೇರಿಗೆ ಎರಡು ಬಸ್ಸು.

ಹುಡುಗಿ ಪುಟ ತಿರುವಿದಳು.
ಹನ್ನೆರಡಕ್ಕೆ ಆಯ್ಕೆಗಳ ಕಾಟವಿಲ್ಲ:
ಈಗ ಮನೆಯಲ್ಲಿ ಎಷ್ಟು ಮಂದಿ?
ಅಂಕಿ ಬರೆದರೆ ಸಾಕು.